ನೆರಳಿಗೆ ಕೂಡ್ರಿಸಿದವರ ಪರವಾಗಿ

ನೆರಳು ಶಕೆ ನೂರ ಹದಿನಾಲ್ಕು, ಆರನೇ ಬೇಸಿಗೆ ತಿಂಗಳು, ತಾರೀಖು ನಲವತ್ತೊಂದು
ಬಂಡೆಕುಳಿ, ಕಾಗಿಣಾ ದಂಡೆ

ಹಿಂದಿನವರಿಗೆ,

ಮೊದಲಿಗೆ ನನ್ನ ಅಕ್ಷರವನ್ನು ಮನ್ನಿಸಬೇಕು. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಒತ್ತಕ್ಷರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ನನಗೆ ಇಂದಿಗೂ ಗಟ್ಟಿಯಿಲ್ಲ. ಸಾಲುಗಳು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗಿಳಿಯುತ್ತವೆ. ನಿಮಗೆ ಗೊತ್ತಿಲ್ಲದ ಕೆಲವು ಶಬ್ದಗಳೂ ಬರುತ್ತವೆ. ಅವನ್ನು ಬಂದಲ್ಲೇ ಬಿಡಿಸಿ ಹೇಳುತ್ತೇನೆ. ತಾರೀಖು ನೋಡಿ ಗಾಬರಿಯಾಗಬೇಡಿರಿ. ನಮಗೆ ವರ್ಷಕ್ಕೆ ಎಂಟೇ ತಿಂಗಳು, ಒಂದೊಂದಕ್ಕೆ ನಲವತ್ತೈದು ದಿನ, ಎಂಟರಲ್ಲಿ ಏಳು ಬೇಸಿಗೆಯವು. ನೆರಳು ಶಕೆ ಎಂದರೆ ನಮ್ಮ ಜನ ಬಯಲು ಬಿಟ್ಟು ನೆರಳಿಗೆ ಇಳಿದ ವರ್ಷದಿಂದ ಹಿಡಿದ ಲೆಕ್ಕ. ನಿಮ್ಮ ಲೆಕ್ಕದಲ್ಲಿ ಇದು ಎಷ್ಟನೇ ಇಸವಿ ಎಂದು ನಮ್ಮೂರಿನಲ್ಲಿ ಯಾರಿಗೂ ಖಚಿತವಿಲ್ಲ.

ನಿಮ್ಮ ಕಾಲದಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಿದ್ದಿರಂತೆ. ನಾವು ಅದೇ ದಿನ ಹಿರಿಯರನ್ನು ಬೈಯುತ್ತೇವೆ. ಇದಕ್ಕೆ ಬೈಗಳ ಅಮಾಸಿ ಎಂದು ಹೆಸರು. ಬರೆಯಲು ಬರುವವರು ಕಾಗದ ಬರೆದು ಬಂಡೆಯ ಸೀಳಿನಲ್ಲಿ ಸಿಕ್ಕಿಸುತ್ತಾರೆ. ಬರದವರು ಸೀಳಿಗೆ ಬಾಯಿಟ್ಟು ಕೂಗುತ್ತಾರೆ. ಹೆಚ್ಚಿನವರು ನೀರಿಗಾಗಿ ಬೈಯುತ್ತಾರೆ, ಕೆಲವರು ಬಿಸಿಗಾಳಿಗಾಗಿ. ನಮ್ಮ ಓಣಿಯ ಒಬ್ಬ ಮುದುಕಿ ಪ್ರತಿವರ್ಷ ಮಾವಿನಹಣ್ಣಿಗಾಗಿ ಬೈಯುತ್ತಾಳೆ. ತಾನು ಎಂದೂ ತಿನ್ನದ ಹಣ್ಣಿನ ರುಚಿಯನ್ನು ವರ್ಣಿಸಿ ವರ್ಣಿಸಿ, ಕೊನೆಗೆ ಕೇಳುವವರ ಬಾಯಲ್ಲೆಲ್ಲ ನೀರು ಬರಿಸಿ ಬೈಯುತ್ತಾಳೆ. ನಾನು ನಾಲ್ಕು ಜನರ ಮುಂದೆ ಬಾಯಿ ತೆರೆಯುವವಳಲ್ಲ. ಆದ್ದರಿಂದ ಇಷ್ಟು ವರ್ಷ ಸುಮ್ಮನಿದ್ದೆ. ಈ ವರ್ಷ ಬರೆಯುತ್ತಿದ್ದೇನೆ. ನನ್ನ ಸಿಟ್ಟು ನೀರಿನದಲ್ಲ, ಮಾವಿನದಲ್ಲ. ನನ್ನ ಅಕ್ಕ ರೇವಮ್ಮನ ಬಲಗಣ್ಣಿನದು, ಎಡಗಾಲಿನದು. ನನ್ನ ಹೆಸರು ಚಂದಮ್ಮ.

ನಾವಿರುವುದು ಹಳೆಯ ಪರ್ಸಿಕಲ್ಲಿನ ಗಣಿಯೊಳಗೆ. ನಿಮ್ಮ ಮನೆಗಳ ನೆಲಕ್ಕೆ ಹಾಸಲು ಕಲ್ಲು ಕಡಿದು ಕಡಿದು ನೀವು ಬಿಟ್ಟುಹೋದ ಗುಂಡಿಗಳೇ ನಮಗೆ ಊರು, ಕುಳಿ ಎನ್ನುತ್ತೇವೆ. ಗುಂಡಿಯ ಬಾಯಿಗೆ ಅಡ್ಡಲಾಗಿ ದಪ್ಪ ಬಟ್ಟೆ ಎಳೆದು ಕಟ್ಟಿದ್ದಾರೆ. ಅದಕ್ಕೆ ಮೇಲ್ಸೆರಗು ಎನ್ನುತ್ತೇವೆ. ಅದರ ಕೆಳಗೆ ಕಲ್ಲಿನ ಮೆಟ್ಟಿಲು ಮೆಟ್ಟಿಲಾಗಿ ಮನೆಗಳು. ಮೇಲ್ಸೆರಗು ಹರಿಯದಂತೆ ಹೊಲಿಯುತ್ತಲೇ ಇರುವುದು ಹೆಂಗಸರ ಕೆಲಸ, ಬಿಗಿದು ಕಟ್ಟುವುದು ಗಂಡಸರ ಕೆಲಸ. ಒಲೆಗೆ ಹಾಕಲು ಕಟ್ಟಿಗೆ ಇಲ್ಲ. ನೀವು ಹೂತಿಟ್ಟ ಕಸವನ್ನೇ ಅಗೆದು, ಹಿಂಡಿ, ಉಂಡೆ ಕಟ್ಟಿ ಉರಿಸುತ್ತೇವೆ. ಆ ಹೊಗೆಗೆ ಮೇಲ್ಸೆರಗು ದಾಟಿ ಹೋಗಲು ದಾರಿಯಿಲ್ಲ, ಬೆಳಗಿನಿಂದ ಸಂಜೆಯವರೆಗೆ ನಮ್ಮ ನಡುವೆಯೇ ಸುತ್ತಾಡುತ್ತಿರುತ್ತದೆ. ಮೂಡಣ ಬದಿಯಲ್ಲಿ ಮಾತ್ರ ಬಟ್ಟೆ ಕಟ್ಟದೆ ಬಿಟ್ಟ ಒಂದು ಚಾಚುಬಂಡೆ ಇದೆ. ಬೆಳಗಿನ ಎಳೆಬಿಸಿಲು, ಮೈ ಸುಡದ ಬಿಸಿಲು, ಅಲ್ಲಿ ಸ್ವಲ್ಪ ಹೊತ್ತು ಬೀಳುತ್ತದೆ. ಅದು ನಮ್ಮ ಬಿಸಿಲುಕಟ್ಟೆ. ಅದರ ಮೇಲೆ ಗಂಡಸರು ಪಾಳಿಯ ಪ್ರಕಾರ ಕೂಡುತ್ತಾರೆ, ಸಣ್ಣ ಮಕ್ಕಳು ಅವರ ಕಾಲಸಂದಿಯಲ್ಲಿ ಆಡುತ್ತವೆ.

ಹೆಣ್ಣುಮಗು ಹಲ್ಲು ಬಿದ್ದು ಹುಟ್ಟುವ ವಯಸ್ಸಿಗೆ ಬಂದಾಗ ಅವಳನ್ನು ನೆರಳಿಗೆ ಕೂಡ್ರಿಸುತ್ತಾರೆ. ಹೊಸ ಬಟ್ಟೆ ಉಡಿಸಿ, ಆರತಿ ಬೆಳಗಿ, ಬಾಯಿಗೆ ಬೆಲ್ಲ ಹಾಕಿ, ಮನೆಯ ಒಳಗೋಡೆಗೆ ಮುಖ ಮಾಡಿಸಿ ಕೂಡ್ರಿಸುತ್ತಾರೆ. ಅಂದಿನಿಂದ ಅವಳು ಬಿಸಿಲುಕಟ್ಟೆ ಹತ್ತುವಂತಿಲ್ಲ. ಅವಳ ಪಾಲಿನ ಬಿಸಿಲು ಅಣ್ಣತಮ್ಮಂದಿರಿಗೆ ಹೋಗುತ್ತದೆ, ಅವಳ ಪಾಲಿಗೆ ಒಲೆ ಬರುತ್ತದೆ. ಕಾರಣ ಕೇಳಿದರೆ ಕಟ್ಟೆ ಸಣ್ಣದು ಎನ್ನುತ್ತಾರೆ. ಒಳಗಿನ ಕಾರಣ ಬೇರೆ. ನೆರಳಲ್ಲಿ ಬೆಳೆದ ಹುಡುಗಿ ಬೆಳ್ಳಗಿರುತ್ತಾಳೆ, ಬೆಳ್ಳಗಿರುವವಳನ್ನು ಕೇಳಿಕೊಂಡು ಬರುತ್ತಾರೆ. ನನ್ನನ್ನು ಕೂಡ್ರಿಸಿದ ಮರುದಿನ ಅಭ್ಯಾಸದ ಮೇಲೆ ಕಟ್ಟೆಯ ಕಡೆ ಹೋಗಿದ್ದೆ. ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು. “ಏ ಚಂದಿ, ಬಿಸಲಾಗ ಯಾಕ ನಿಂತಿದಿ? ಕರಕಾಗ್ತಿ, ಬಾ ಒಳಗ!” ಈ ಮಾತನ್ನು ಅವ್ವ ಹುಟ್ಟಿಸಿಲ್ಲ. ಅವಳ ಅವ್ವ ಹೇಳಿದ್ದು, ಆಕೆಯ ಅವ್ವ ಹೇಳಿದ್ದು. ಹಿಡಿದು ಎಳೆಯುತ್ತ ಹೋದರೆ ತುದಿ ನಿಮ್ಮ ಬಾಯಿಗೇ ಬಂದು ಮುಟ್ಟುತ್ತದೆ.

ಅಕ್ಕ ರೇವಮ್ಮ ನಮ್ಮ ಕುಳಿಯಲ್ಲೇ ಚೆನ್ನಾಗಿ ಹೊಲಿಯುವವಳು. ಒಂದು ದಿನ ಸೂಜಿಗೆ ದಾರ ಪೋಣಿಸುತ್ತ ನಿಂತಳು. “ಅವ್ವಾ, ಈ ದಾರ ಯಾಕ ಬೂದಿಗತೆ ಕಾಣ್ಲಿಕತ್ತದ? ಬಲಗಣ್ಣು ಮುಚ್ಚಿದ್ರ ಕೆಂಪದ, ಎಡಗಣ್ಣು ಮುಚ್ಚಿದ್ರ ಬೂದಿ.” ಅವ್ವ ದಾರ ತೊಳೆದು ಕೊಟ್ಟಳು. ದಾರದಲ್ಲಿ ಏನೂ ಇರಲಿಲ್ಲ. ಕಣ್ಣು ಆಡಿಸಿದರೆ ಹಿಂದಿನಿಂದ ಚುಚ್ಚಿದಂತಾಗುತ್ತದೆ ಎಂದಳು. ಸ್ವಲ್ಪ ದಿನಕ್ಕೆ ಅರ್ಧ ತಿಳಿಯಾಯಿತು. ಮುಂದಿನ ವರ್ಷ ಎಡಗಾಲಿಗೆ ಜೋಮು ಹಿಡಿದು ಬಿಡಲೇ ಇಲ್ಲ. ಕುತ್ತಿಗೆ ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟು ಹರಿದಂತೆ ಎನ್ನುತ್ತಿದ್ದಳು. ಬಿಸಿನೀರು ಮೈಮೇಲೆ ಹಾಕಿಕೊಂಡರೆ ಕಣ್ಣು ಮತ್ತೆ ಮಂಜಾಗುತ್ತಿತ್ತು, ಮೈ ಆರಿದಾಗ ತಿಳಿಯಾಗುತ್ತಿತ್ತು. ಈ ರೋಗಕ್ಕೆ ನಿಮ್ಮಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ಹೆಸರಿತ್ತಂತೆ. ನಮ್ಮ ಕಾಲದ ಡಾಕ್ಟರರು ನರಸುಲಿತ ಎನ್ನುತ್ತಾರೆ. ತಂತಿಯ ಮೇಲಿನ ಹೊದಿಕೆ ಸುಲಿದುಹೋದರೆ ದೀಪ ಹೇಗೆ ಮಿನುಗಿ ಮಿನುಗಿ ನಿಲ್ಲುತ್ತದೋ, ನರದ ಹೊದಿಕೆ ಸುಲಿದರೆ ಮೈಯೂ ಹಾಗೆ.

ನಮ್ಮ ಕುಳಿಯ ಯಜಮಾನ ಸಾಬಣ್ಣ ಕಾಕಾ, ಅಪ್ಪನ ದಾಯಾದಿ. ಕೆಟ್ಟವನಲ್ಲ. ಅಪ್ಪ ತೀರಿಕೊಂಡ ವರ್ಷ ತನ್ನ ಮನೆಯ ಕೊಡ ತಂದು ನಮ್ಮ ಮನೆಗೆ ಸುರಿದವನು. ಅವನೇ ಬಂದು ಅಕ್ಕನ ಕಾಲು ಹಿಸುಕಿ ನೋಡಿ ಹೇಳಿದ. “ಏನಾಗಲ್ಲ ಬಿಡವ್ವ, ಕಾವಲು ಇಳಿದದ ಅಷ್ಟೇ. ಇನ್ನೊಂದು ಲೋಟ ಹಾಕು, ಕುದುರಿ ಆಗ್ತಾಳ.” ಅಕ್ಕ ಕೂತಲ್ಲಿಂದಲೇ ಅಂದಳು. “ಕುದುರಿಗಿ ನಾಕ್ ಕಾಲ್ ಇರ್ತಾವ ಕಾಕಾ. ನನಗ ಇದ್ದ ಎರಡರಾಗ ಒಂದೇ ನಡೀಲಿಕತ್ತದ.”

ಲೋಟ ಎಂದರೆ ಕಾವಲು ಕಷಾಯ. ಮೈಯನ್ನು ರೋಗದಿಂದ ಕಾಯುವ ಶಕ್ತಿಗೆ ನಾವು ಕಾವಲು ಎನ್ನುತ್ತೇವೆ. ನಮ್ಮವರು ನೆರಳಿಗೆ ಇಳಿಯುವ ಮೊದಲು ದೊಡ್ಡ ಜ್ವರಗಳು ಬಂದುಹೋದವು. ಆಗ ಯಾರೋ ಎಬ್ಬಿಸುಪುಡಿ ಎಂಬುದನ್ನು ಮಾಡಿದರು. ಅದು ಸುಮ್ಮನಿರುವ ಕಾವಲನ್ನು ಕೆರಳಿಸಿ ನಿಲ್ಲಿಸುತ್ತದೆ. ಆ ಪುಡಿಯನ್ನು ಶುಂಠಿ, ಮೆಣಸು, ಬೇರುಗಳೊಂದಿಗೆ ಕುದಿಸಿ ಪ್ರತಿ ಮನೆಯಲ್ಲೂ ಕುಡಿಯುತ್ತಾರೆ. ಜ್ವರಗಳು ಹೋಗಿ ತಲೆಮಾರುಗಳಾದವು, ಕಷಾಯ ಹೋಗಲಿಲ್ಲ. ಯಾರಾದರೂ ಸೊರಗಿದರೆ, ಎಡವಿದರೆ, ಮಂಕಾಗಿ ಕೂತರೆ, ಕಾವಲು ಇಳಿದಿದೆ ಎಂದು ಇನ್ನಷ್ಟು ಕುಡಿಸುತ್ತಾರೆ. ಕುಡಿಯದವರು ಇಡೀ ಕುಳಿಗೆ ರೋಗ ತರುತ್ತಾರೆ ಎಂಬ ಭಯ. ಅಕ್ಕನಿಗೆ ಕಣ್ಣು ಮಂಜಾದಾಗ ಎರಡು ಲೋಟ, ಕಾಲು ಜೋಮಾದಾಗ ಮೂರು. ಕುಡಿಸಿದಷ್ಟೂ ಆಕೆ ಇಳಿದಳು. ಇಳಿದಷ್ಟೂ ಕುಡಿಸಿದರು. ಇಷ್ಟು ಕುಡಿಸಿಯೂ ಏಳದಿದ್ದರೆ ಅದು ಮನೆಯ ರಕ್ತದ ದೋಷ ಎಂದು ತೀರ್ಮಾನಿಸಿ ಆಚೆಕುಳಿಗೆ ಕಳಿಸುವುದು ನಮ್ಮಲ್ಲಿ ಪದ್ಧತಿ. ಆಚೆಕುಳಿಗೆ ಮೇಲ್ಸೆರಗು ಸರಿಯಾಗಿಲ್ಲ. ಅಲ್ಲಿಗೆ ಹೋದವರ ಸುದ್ದಿ ಬರುತ್ತದೆ, ಅವರು ಬರುವುದಿಲ್ಲ. ಅಕ್ಕನನ್ನು ಕಳಿಸುವ ಮಾತು ಬೇಸಿಗೆಯ ಎರಡನೇ ತಿಂಗಳಲ್ಲಿ ಎದ್ದಿತು.

ಅದೇ ಸಮಯಕ್ಕೆ ಖುತೇಜಾ ಬಾಯಿ ಬಂದರು. ಅವರು ಡಾಕ್ಟರು, ಕಲಬುರಗಿ ಕಡೆಯಿಂದ ಕುಳಿ ಕುಳಿ ಸುತ್ತುತ್ತ ಬರುತ್ತಾರೆ. ಅಕ್ಕನ ಕಣ್ಣಿಗೆ ದೀಪ ಹಿಡಿದು ನೋಡಿದರು, ಪಾದದ ಅಡಿ ಗೀರಿ ನೋಡಿದರು, ಪಕ್ಕದಲ್ಲಿದ್ದ ಲೋಟ ಮೂಸಿ ನೋಡಿದರು. ಮೂಸಿದ ಮೇಲೆ ಅವರ ದನಿಯೇ ಬದಲಾಯಿತು.

“ಇದನ್ನ ಯಾರು ಕುಡಿಸ್ಲಿಕತ್ತೀರಿ ಈಕಿಗಿ?”

“ಕಾವಲು ಇಳಿದದಲ್ರಿ ಬಾಯಿ,” ಎಂದಳು ಅವ್ವ.

“ಇಳಿದಿಲ್ಲವ್ವ, ಏರಿ ಕೂತದ! ಮನಿ ನಾಯಿ ಮನಿಯವರಿಗೇ ಕಡೀಲಿಕತ್ತದ. ನೀವು ಬಾಜೂಕ ನಿಂತು ಛೂ ಛೂ ಅಂತೀರಿ.”

ಆಮೇಲೆ ಅವರು ನನ್ನನ್ನೇ ಎದುರಿಗೆ ಕೂಡ್ರಿಸಿಕೊಂಡು ನಿಧಾನವಾಗಿ ಹೇಳಿದರು, ಬಹುಶಃ ನಾನು ಮಧ್ಯೆ ಬಾಯಿ ಹಾಕುವುದಿಲ್ಲ ಎಂದು. ಸಣ್ಣವರಿದ್ದಾಗ ಗಂಟಲು ಬಾತು ಒಂದು ಜ್ವರ ಬರುತ್ತದೆ. ಹೆಚ್ಚುಕಡಿಮೆ ಎಲ್ಲರಿಗೂ ಆ ಜ್ವರದ ಹುಳ, ಎಂದರೆ ಕಣ್ಣಿಗೆ ಕಾಣದ ರೋಗಾಣು, ತಗಲುತ್ತದೆ, ಬಹಳ ಜನಕ್ಕೆ ಗೊತ್ತೂ ಆಗುವುದಿಲ್ಲ. ಮೈಯ ಕಾವಲು ಆ ಹುಳದ ಮುಖವನ್ನು ನೆನಪಿಟ್ಟುಕೊಳ್ಳುತ್ತದೆ. ನರದ ಹೊದಿಕೆಯ ಒಂದು ತುಣುಕಿಗೂ ಅದೇ ಚಹರೆ ಸ್ವಲ್ಪ ಇದೆ. ಕೆಲವರಲ್ಲಿ ಕಾವಲು ಮೋಸಹೋಗಿ ಹೊದಿಕೆಗೇ ಬಾಯಿ ಹಾಕುತ್ತದೆ. ನಾನು ಧೈರ್ಯ ಮಾಡಿ ಕೇಳಿದೆ. “ಜ್ವರ ಎಲ್ಲರಿಗೂ ಬರ್ತದಂದ್ರ ಎಲ್ಲರಿಗೂ ಯಾಕ ಹಿಂಗಾಗಲ್ರಿ?”

“ಶಾಣೇಕಿ ಇದಿ. ಅದೇ ಮಾತು,” ಎಂದರು. ಒಂದರಿಂದ ಆಗುವುದಿಲ್ಲವಂತೆ. ರಕ್ತದಲ್ಲಿ ಏನೂ ಇಲ್ಲವೆಂದು ಅವರು ಹೇಳಲಿಲ್ಲ, ಬೀಜ ಇರುತ್ತದೆ ಎಂದರು. ಆದರೆ ಅದೇ ಬೀಜ ಇರುವ ಎಷ್ಟೋ ಜನ ಆರಾಮಾಗಿ ಮುದುಕರಾಗುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಬಿಸಿಲು ಕಾಣದ ಮೈಯಲ್ಲಿ ಕಾವಲಿಗೆ ಹದ ಸಿಗುವುದಿಲ್ಲ. ಹೊಗೆ ಒಳಗೆ ಹೋಗಿ ಹೋಗಿ ಅದನ್ನು ಕೆಣಕುತ್ತದೆ. ಮೇಲೆ ಈ ಕಷಾಯ ಬೇರೆ. “ಬಿಸಲು ಔಷಧ ಅಲ್ಲ ಮತ್ತ,” ಎಂದು ಎಚ್ಚರಿಸಿದರು, “ಹೋದ ಕಣ್ಣು ಬಿಸಲಿಗಿ ಕೂತ್ರ ತಿರುಗಿ ಬರಲ್ಲ. ನಿಮ್ಮಕ್ಕಗ ಬೇಕಾಗಿದ್ದು ತಣಿಸೋ ಸೂಜಿ. ಲಗೂನ ಬೇಕು. ಆದ್ರ ಸಣ್ಣ ಹುಡುಗ್ಯಾರನ್ನ ಕತ್ತಲಿಗಿ ಹಾಕೋದು ಮೊದಲು ಬಿಡ್ರಿ.” ತಣಿಸುವ ಸೂಜಿ ಎಂದರೆ ಕೆರಳಿದ ಕಾವಲನ್ನು ಕೂಡ್ರಿಸುವ ಔಷಧ. ಅದು ಅವರ ಪೆಟ್ಟಿಗೆಯಲ್ಲೇ ಇತ್ತು. ಆದರೆ ಯಜಮಾನನ ಒಪ್ಪಿಗೆ ಇಲ್ಲದೆ ಕುಳಿಯಲ್ಲಿ ಯಾರ ಕಾವಲನ್ನೂ ಇಳಿಸುವಂತಿಲ್ಲ.

ಸಭೆ ಸೇರಿತು. ನಾನು ಅಕ್ಕನ ಬೆನ್ನಿಗೆ ಆಸರೆಯಾಗಿ ಕೂತಿದ್ದೆ. ಖುತೇಜಾ ಬಾಯಿ ನನಗೆ ಹೇಳಿದ್ದನ್ನೆಲ್ಲ ಅಲ್ಲೂ ಹೇಳಿದರು. ಸಾಬಣ್ಣ ಕಾಕಾ ಪೂರ್ತಿ ಕೇಳಿಸಿಕೊಂಡ.

“ನಿಮ್ಮ ಮಾತು ಖರೇನೇ ಇರಲಿ ಬಾಯಿ. ಕಟ್ಟಿ ಇರೋದು ಒಂದೇ. ಹುಡುಗ್ಯಾರೆಲ್ಲ ಬಂದು ಕೂತ್ರ ಗಂಡಸರು ಎಲ್ಲಿಗಿ ಹೋಗ್ಬೇಕು?”

“ಗಂಡಸರು ಒಂದೀಟು ತಡಾ ಕೂತ್ರ ಮಳಿ ನಿಲ್ತದೇನ್ರಿ?”

“ಮಳಿ ಮೊದಲೇ ನಿಂತದ ಬಾಯಿ, ಇವರು ಎದ್ರೂ ಬರಲ್ಲ!” ಎಂದು ಹಿಂದಿನಿಂದ ಯಾರೋ ಹೆಂಗಸು ಅಂದಳು. ಜನ ನಕ್ಕರು. ಕಾಕಾನೂ ನಕ್ಕ. ನಗು ನಿಂತ ಮೇಲೆ ಅವ್ವನ ಕಡೆ ತಿರುಗಿದ.

“ತಂಗಿ, ಸೂಜಿ ಹಾಕಿಸು. ಹುಡುಗಿಗಿ ಆಚೆಕುಳಿಗಿ ಕಳಸಂಗಿಲ್ಲ, ನಾ ಮಾತು ಕೊಡ್ತೀನಿ. ಆದ್ರ ಇದು ನಿಮ್ಮ ಮನಿ ರಕ್ತದ ದೋಷ ಅಂತ ಇಲ್ಲೇ ನಾಕ್ ಮಂದಿ ಮುಂದ ಒಪ್ಪಿಕೋ. ಬಿಸಲು, ಹೊಗಿ ಅಂತ ಹೇಳ್ಕೋತ ಹೋಗಬ್ಯಾಡ. ನಾಳಿ ಎಲ್ಲಾ ಮನಿಯವರೂ ಕಟ್ಟಿ ಕೇಳ್ತಾರ. ನಾ ಯಾರ್ಯಾರಿಗಿ ಹೇಳ್ಲಿ?”

“ಅದು ಸುಳ್ರಿ!” ಎಂದು ಖುತೇಜಾ ಬಾಯಿ ಎದ್ದು ನಿಂತರು. ಅವ್ವ ಅವರ ಸೆರಗು ಹಿಡಿದು ಕೂಡ್ರಿಸಿದಳು. ಅಕ್ಕನ ಮುಖ ನೋಡಿದಳು. ಆಮೇಲೆ, ನೀರಿನ ಪಾಳಿ ಕೂಗಿ ಹೇಳುವಷ್ಟೇ ದೊಡ್ಡ ದನಿಯಲ್ಲಿ ಹೇಳಿದಳು. “ರಕ್ತದ್ದೇರಿ. ನಮ್ಮ ಮನಿ ರಕ್ತದ್ದೇ.”

ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಮಗಳು ಬೇಕೋ ಮಾತು ಬೇಕೋ ಎಂದು ಕೇಳಿದರೆ ಯಾವ ತಾಯಿ ಮಾತು ಆರಿಸುತ್ತಾಳೆ? ಸೂಜಿ ಹಾಕಿದರು, ಕಷಾಯ ನಿಲ್ಲಿಸಿದರು. ಅಕ್ಕ ಅವ್ವನನ್ನು ನಗಿಸಲು ನೋಡಿದಳು. “ನನ್ನ ರಕ್ತದ ಹೆಸರು ಕೆಡಿಸಿದಿ, ಈಗ ಸೂಜಿ ಹೋಗೋದೂ ಅದರಾಗೇ. ಪಾಪ, ಅದು ಏನ್ ತಿಳ್ಕೊಂತದೋ.” ಅವ್ವ ನಗಲಿಲ್ಲ. ಆಗಿನಿಂದ ಅಕ್ಕನಿಗೆ ಹೊಸ ಏಟು ಬಿದ್ದಿಲ್ಲ. ಬಲಗಣ್ಣು ಪೂರ್ತಿ ತಿಳಿಯಾಗಿಲ್ಲ, ಆಗುವುದೂ ಇಲ್ಲವಂತೆ. ಗೋಡೆ ಹಿಡಿದು ನಡೆಯುತ್ತಾಳೆ. ನನ್ನನ್ನು ಕೇಳಿಕೊಂಡು ಬರುವವರಿದ್ದರು, ಈಗ ಬರುವುದಿಲ್ಲ. ಅದಕ್ಕೂ ನಾನು ಅಳಲಿಲ್ಲ. ನನ್ನ ಸಿಟ್ಟು ಇಷ್ಟೇ. ನಮ್ಮ ಕುಳಿಯಲ್ಲಿ ಇನ್ನೂ ಹುಡುಗಿಯರಿಗೆ ಕಣ್ಣು ಮಂಜಾಗುತ್ತಿದೆ, ಕೈಯಿಂದ ಸೂಜಿ ಜಾರುತ್ತಿದೆ. ಅವರ ಮನೆಯವರಿಗೆಲ್ಲ ಈಗ ಒಂದು ಸಿದ್ಧ ಉತ್ತರ ಸಿಕ್ಕಿದೆ. ರಕ್ತದ್ದು, ರೇವಮ್ಮನ ಮನೆಯವರೇ ಒಪ್ಪಿಕೊಂಡಿದ್ದಾರಲ್ಲ ಎನ್ನುತ್ತಾರೆ. ನಮ್ಮ ಅವ್ವ ಒಬ್ಬ ಮಗಳನ್ನು ಉಳಿಸಿಕೊಳ್ಳಲು ಆಡಿದ ಸುಳ್ಳು ಈಗ ಎಲ್ಲರ ಹೆಣ್ಣುಮಕ್ಕಳನ್ನೂ ಗೋಡೆಗೆ ಮುಖ ಮಾಡಿಸಿ ಕೂಡ್ರಿಸುತ್ತಿದೆ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನಾನು ಖುತೇಜಾ ಬಾಯಿಯವರನ್ನು ಕೇಳಿದೆ, ಇದನ್ನೆಲ್ಲ ಅವರು ಯಾವಾಗ ಕಂಡುಹಿಡಿದರು ಎಂದು. ಅವರು ನಕ್ಕರು. ತಾವು ಏನೂ ಕಂಡುಹಿಡಿದಿಲ್ಲವಂತೆ. ಕಂಡುಹಿಡಿದವರು ನೀವಂತೆ! ಬಿಸಿಲು ಕಡಿಮೆ ಬೀಳುವ ದೇಶಗಳಲ್ಲಿ ಈ ರೋಗ ಹೆಚ್ಚೆಂದು ಎಣಿಸಿ ನೋಡಿದವರು ನೀವು. ಗಂಟಲಜ್ವರದ ಹುಳವನ್ನು ಹಿಂಬಾಲಿಸಿ ಹೋದವರು ನೀವು. ಬೀಡಿ ಸಿಗರೇಟಿನ ಹೊಗೆ ಇದನ್ನು ಹೆಚ್ಚಿಸುತ್ತದೆ ಎಂದು ಬರೆದಿಟ್ಟವರೂ ನೀವೇ. ಇಷ್ಟು ಗೊತ್ತಿದ್ದ ಜನ ನೀವು ಏನು ಮಾಡಿದಿರಿ? ನಮ್ಮದು ಬಿಸಿಲಿನ ನಾಡು, ಇಲ್ಲಿ ಇದು ಅಪರೂಪ ಎಂದು ಮಡಿಸಿ ಇಟ್ಟಿರಿ. ಆ ಬಿಸಿಲಿನ ನಾಡಿನಲ್ಲೇ ಕಿಟಕಿಗಳಿಗೆ ಪರದೆ ಎಳೆದು, ಹುಡುಗಿಯರಿಗೆ ಮುಖಕ್ಕೆ ಬಿಳಿ ಹಚ್ಚಿ, ಕರಕಾಗ್ತಿ ಒಳಗೆ ಬಾ ಎಂದು ಕರೆದಿರಿ. ಹೊರಗಿನ ಗಾಳಿಯನ್ನು ಉಸಿರಾಡಲು ಬಾರದಂತೆ ಮಾಡಿದಿರಿ. ಬಿಸಿಲನ್ನು ನಿಲ್ಲಲಾಗದಷ್ಟು ಕಾಯಿಸಿ, ಕೊನೆಗೆ ಅದನ್ನು ಒಂದು ಚಾಚುಬಂಡೆಯಷ್ಟು ಉಳಿಸಿ ಹೋದಿರಿ. ಸಿಕ್ಕ ಸಿಕ್ಕ ಡಬ್ಬಿಯ ಮೇಲೆ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಬರೆದಿರಿ. ಹೆಚ್ಚಾದದ್ದೆಲ್ಲ ಒಳ್ಳೆಯದೇನು? ಹದವಿರಬೇಕಾದ್ದನ್ನು ಹೆಚ್ಚಿಸುತ್ತ ಹೋಗಬಾರದೆಂದು ಒಬ್ಬರಾದರೂ ಡಬ್ಬಿಯ ಮೇಲೆ ಬರೆಯಬಹುದಿತ್ತಲ್ಲ! ಆ ಡಬ್ಬಿಯ ಮಾತೇ ನಮ್ಮಲ್ಲಿ ಮಂತ್ರವಾಗಿ, ಕಷಾಯವಾಗಿ, ನನ್ನ ಅಕ್ಕನ ಗಂಟಲಿಗೆ ಇಳಿಯಿತು. ನಿಮ್ಮ ತಿಳಿವಳಿಕೆ ನಮಗೆ ಬರಲಿಲ್ಲ. ನಿಮ್ಮ ಅಭ್ಯಾಸಗಳು ಮಾತ್ರ ಒಂದೂ ತಪ್ಪದೆ ಬಂದು ಮುಟ್ಟಿದವು.

ಈ ಕಾಗದ ನಿಮಗೆ ಮುಟ್ಟಿದರೆ ಒಂದು ಕೆಲಸ ಮಾಡಿರಿ. ನಿಮ್ಮ ಮನೆಯಲ್ಲಿ ಯಾವುದಾದರೂ ಹುಡುಗಿ ಒಂದು ಕಣ್ಣಿಗೆ ಕೆಂಪು ಬೂದಿಯಾಗಿ ಕಾಣುತ್ತದೆ ಎಂದರೆ, ಕಾಲಿಗೆ ಜೋಮು ಬಿಡುತ್ತಿಲ್ಲ ಎಂದರೆ, ನಿಶ್ಶಕ್ತಿ ಎನ್ನಬೇಡಿರಿ, ನಾಟಕ ಎನ್ನಬೇಡಿರಿ, ಯಾರೋ ಹೇಳಿದ ಪುಡಿ ಕಲಸಿ ಕೊಡಬೇಡಿರಿ. ಡಾಕ್ಟರರ ಹತ್ತಿರ ಲಗುಬಗೆಯಿಂದ ಕರೆದುಕೊಂಡು ಹೋಗಿರಿ. ನಿಮ್ಮಲ್ಲಿ ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲವಂತೆ. ಮತ್ತು ರಕ್ತದ್ದು ಎಂದು ಹೇಳಿ ಬಾಗಿಲು ಹಾಕಬೇಡಿರಿ. ರಕ್ತದ್ದು ಎಂದ ತಕ್ಷಣ ಉಳಿದ ಯಾರೂ ಏನೂ ಮಾಡಬೇಕಾಗುವುದಿಲ್ಲ. ಅದಕ್ಕಾಗಿಯೇ ಆ ಮಾತು ಎಲ್ಲರಿಗೂ ಇಷ್ಟ. ಬೆಳಗಿನ ಬಿಸಿಲು ನಿಮ್ಮ ಅಂಗಳಕ್ಕೆ ಇನ್ನೂ ಪುಕ್ಕಟೆ ಬೀಳುತ್ತಿದ್ದರೆ, ಹೆಣ್ಣುಮಕ್ಕಳನ್ನು ಅಲ್ಲಿಂದ ಕರೆಯಬೇಡಿರಿ.

ಕಾಗದ ಮುಗಿಯಿತು. ಇಂದು ಬೆಳಿಗ್ಗೆ ನಡೆದದ್ದನ್ನು ಮಾತ್ರ ಹೇಳಿ ನಿಲ್ಲಿಸುತ್ತೇನೆ. ನಮ್ಮ ಪಕ್ಕದ ಮನೆಯಲ್ಲಿ ಭಾಗಮ್ಮ ಎಂಬ ಹುಡುಗಿ ಇದ್ದಾಳೆ, ಹೋದ ವಾರ ಅವಳನ್ನು ನೆರಳಿಗೆ ಕೂಡ್ರಿಸಿದರು. ಅವಳ ಕೈ ಹಿಡಿದುಕೊಂಡು ನಾನು ಕಟ್ಟೆಯ ಹತ್ತಿರ ಹೋದೆ. ಗಂಡಸರು ತುಂಬಿಕೊಂಡು ಕೂತಿದ್ದರು, ನಡುವೆ ಸಾಬಣ್ಣ ಕಾಕಾ.

“ಕಾಕಾ, ಸ್ವಲ್ಪ ಸರಕೊಳ್ರಿ.”

“ಯಾರಿಗಿ?”

“ಈಕಿಗಿ. ಮತ್ತ ನನಗ.”

ನಾನು ಅಲ್ಲಿಂದ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಕಾಕಾ ನನ್ನ ಕಡೆ ನೋಡದೆ, ಹಾಸಿದ್ದ ಟವೆಲು ಎತ್ತಿ ಹೆಗಲಿಗೆ ಹಾಕಿಕೊಂಡು ಒಂದು ಗೇಣಿನಷ್ಟು ಸರಿದ. ಇಬ್ಬರಿಗೆ ಸಾಲುವ ಜಾಗವಾಗಲಿಲ್ಲ. ಭಾಗಮ್ಮನನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು, ಬಿಸಿಲು ಕಟ್ಟೆ ಬಿಟ್ಟು ಹೋಗುವತನಕ ಕೂತಿದ್ದೆ.